ಎಂಟನೇ ಕುಳಿಯ ಒಂಬತ್ತು ಮರಗಳು

ಡಿಸೆಂಬರ್ 9, ಶನಿವಾರ

ಕಿತ್ತಳೆ ಡಬ್ಬ ಬಂತು. ಪ್ರತಿ ವರ್ಷದಂತೆ ಅಸಾಬುಕಿಯವರ ಮನೆಯಿಂದ, ಪ್ರತಿ ವರ್ಷದಂತೆ ‘ಹುಲ್ಲು ನೋಡಿಕೊಳ್ಳುವವರಿಗೆ’ ಎಂದು ವಿಳಾಸ ಬರೆದು. ನಮಗೆ ಹೆಸರೆಂಬುದೇ ಇಲ್ಲ. ಆ ಮನೆಯ ಯಜಮಾನ ಬದುಕಿದ್ದಾಗ ಅವನು ಕಳಿಸುತ್ತಿದ್ದ, ಅವನು ಹೋಗಿ ಹನ್ನೆರಡು ವರ್ಷವಾದರೂ ಹೆಂಡತಿ ನಿಲ್ಲಿಸಿಲ್ಲ. ದೊಡ್ಡವರು ವರ್ಷಕ್ಕೊಮ್ಮೆ ಒಂದು ಡಬ್ಬ ಹಣ್ಣು ಎಸೆಯುತ್ತಾರೆ, ನಾವು ಬಾಲ ಅಲ್ಲಾಡಿಸಬೇಕು. ತಳದಲ್ಲಿ ಎರಡು ಹಣ್ಣು ಮೆತ್ತಗಾಗಿ ಹಸಿರು ಬೂಷ್ಟು ಹಿಡಿದಿದ್ದವು. ತೆಗೆದು ಗೊಬ್ಬರದ ಗುಂಡಿಗೆ ಎಸೆದೆ. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗಿಲ್ಲ.

ಇಶಿಗುರೊ ನಿಂತಲ್ಲೇ ನಾಲ್ಕು ಸುಲಿದು ತಿಂದಳು. ಹದಿನಾರು ವರ್ಷದಿಂದ ನನ್ನ ಕೈಕೆಳಗೆ ಕೆಲಸ ಮಾಡುತ್ತಿರುವ ಹೆಂಗಸು. ಮುಂದಿನ ವರ್ಷ ನಾನು ನಿವೃತ್ತನಾದರೆ ಈ ಗಾಲ್ಫ್ ಮೈದಾನಕ್ಕೆ ಅವಳೇ ಮೇಸ್ತ್ರಿ.

“ಬೈಯೋದಾದ್ರೆ ಬೈಕೊಳ್ಳಿ ಮೇಸ್ತ್ರೀ, ಹಣ್ಣಂತೂ ಸಿಹಿಯಾಗಿದೆ” ಅಂದಳು.

ಬೆಳಿಗ್ಗೆ ಎಂಟನೇ ಗ್ರೀನಿಗೆ, ಅಂದರೆ ಎಂಟನೇ ಕುಳಿಯ ಸುತ್ತಣ ಹುಲ್ಲುಹಾಸಿಗೆ, ಹೋಗಿದ್ದೆ. ಕುಳಿಯ ಸುತ್ತ ಹುಲ್ಲೇ ಇಲ್ಲ, ಕಪ್ಪು ಪಾಚಿ. ಬೂಟು ಒತ್ತಿದರೆ ಪಿಚಕ್ಕೆಂದು ನೀರು ಬರುತ್ತದೆ, ಕೊಳೆತ ವಾಸನೆ ಬರುತ್ತದೆ. ಹತ್ತೂವರೆಯಾದರೂ ಬಿಸಿಲು ಬೀಳಲಿಲ್ಲ. ಬೀಳುವುದಾದರೂ ಹೇಗೆ? ಇದು ಮೈದಾನದಲ್ಲೇ ಅತಿ ಗಿಡ್ಡ ಕುಳಿ, ಚೆಂಡು ಹೊಡೆಯುವ ಜಾಗದಿಂದ ಬರೀ ನೂರ ಮೂವತ್ತು ಗಜ. ಎಂಥ ಹುಂಬನಾದರೂ ಅದೃಷ್ಟವಿದ್ದರೆ ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಬಹುದು. ಹಾಕಿದವನು ಸುಮ್ಮನೆ ಮನೆಗೆ ಹೋಗುವುದಿಲ್ಲ. ಎಲ್ಲರಿಗೂ ಊಟ ಹಾಕಿ, ಟವೆಲು ಹಂಚಿ, ಕೊನೆಗೆ ಗ್ರೀನಿನ ಪಕ್ಕ ಒಂದು ಮರ ನೆಟ್ಟು ಅದಕ್ಕೆ ತನ್ನ ಹೆಸರಿನ ಫಲಕ ತಗುಲಿಸುತ್ತಾನೆ. ತೊಂಬತ್ತು ವರ್ಷದಿಂದ ಇದೇ ನಡೆದಿದೆ. ಈಗ ಅಲ್ಲಿ ನಲವತ್ತೇಳು ಮರಗಳಿವೆ. ಕಾಡು ಎಷ್ಟು ದಟ್ಟವಾಗಿದೆಯೆಂದರೆ ಹನ್ನೊಂದು ವರ್ಷದಿಂದ ಆ ಕುಳಿಯಲ್ಲಿ ಒಬ್ಬನಿಗೂ ಒಂದೇ ಹೊಡೆತದ ಭಾಗ್ಯ ಬಂದಿಲ್ಲ. ತಮ್ಮ ಪರಾಕ್ರಮದ ಗುರುತಿನಿಂದ ತಮ್ಮ ಪರಾಕ್ರಮಕ್ಕೇ ಗೋರಿ ಕಟ್ಟಿಕೊಂಡಿದ್ದಾರೆ. ಥೂ.

ಕ್ಲಬ್ಬು ಹೇಳಿಬಿಟ್ಟಿದೆ: ಮಳೆಗಾಲದೊಳಗೆ ಹುಲ್ಲು ಹಿಡಿಯದಿದ್ದರೆ ಆ ಗ್ರೀನನ್ನು ಮುಚ್ಚಿ ಪ್ಲಾಸ್ಟಿಕ್ ಹಾಸುತ್ತಾರೆ. 1934ರಲ್ಲಿ ಈ ಊರಿನವರು ಹುಲ್ಲಿನ ಬುಟ್ಟಿಯಲ್ಲಿ ಮಣ್ಣು ಹೊತ್ತು ಮಾಡಿದ ಗ್ರೀನ್ ಅದು. ನಾನು ನಲವತ್ತೈದು ವರ್ಷ ಅದರ ಮೇಲೆ ಬಗ್ಗಿದ್ದೇನೆ. ಪ್ಲಾಸ್ಟಿಕ್ಕಂತೆ!

ಡಿಸೆಂಬರ್ 18, ಸೋಮವಾರ

ಸಮಿತಿ ಸಭೆ. ಪೂರ್ವ ದಿಕ್ಕಿನ ಒಂಬತ್ತು ಮರ ಕಡಿದರೆ ಸಾಕು, ಬೆಳಗಿನ ಬಿಸಿಲು ಬರುತ್ತದೆ ಎಂದು ನಕ್ಷೆ ಬಿಡಿಸಿ ತೋರಿಸಿದೆ. ಅಧ್ಯಕ್ಷ ತೊಕುನಾಗ ಹಲ್ಲಿನ ಡಾಕ್ಟರು. ಎಪ್ಪತ್ನಾಲ್ಕು ವರ್ಷ. ಎಲ್ಲರ ಜೊತೆಗೂ ಬಾಯಿ ತೆರೆಯಿರಿ ಎನ್ನುವ ದನಿಯಲ್ಲೇ ಮಾತಾಡುತ್ತಾನೆ.

“ಮುರೊಗಾ ಅವರೇ, ಒಂಬತ್ತು ಜಾಸ್ತಿ ಆಯ್ತಲ್ವಾ? ಒಂದಿಷ್ಟು ಕೊಂಬೆ ಸವರಿದ್ರೆ ಆಗಲ್ವಾ?”

“ಹನ್ನೆರಡು ವರ್ಷದಿಂದ ಕೊಂಬೇನೇ ಸವರ್ತಿದ್ದೀನಿ ಡಾಕ್ಟ್ರೇ. ಹುಳುಕು ಹಲ್ಲಿಗೆ ನೀವು ಎಷ್ಟು ಸಲ ಸಿಮೆಂಟು ತುಂಬ್ತೀರಿ?”

ಒಬ್ಬಿಬ್ಬರು ನಕ್ಕರು. ಅವನು ನಗಲಿಲ್ಲ. “ಅದ್ರಲ್ಲಿ ನಮ್ಮಪ್ಪಂದೂ ಒಂದಿದೆ” ಅಂದ.

ನಿಯಮದ ಪ್ರಕಾರ ಮರದವನೋ ಅವನ ವಾರಸುದಾರನೋ ಒಪ್ಪಿಗೆ ಪತ್ರಕ್ಕೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಬೇಕು. ಒಂಬತ್ತೂ ಮುದ್ರೆ ಬೀಳದೆ ಗರಗಸ ಮುಟ್ಟುವಂತಿಲ್ಲ. ಆಮೇಲೆ ಒಂದು ಗಂಟೆ ಬರೀ ಗೊಣಗಾಟ. ಮರ ಹೋದ ಮೇಲೆ ಮನೆಯವರ ಕೈಗೆ ಏನುಳಿಯುತ್ತದೆ, ಹಿರಿಯರಿಗೆ ಅವಮಾನವಲ್ಲವೇ, ಇತ್ಯಾದಿ. ಅವರ ಬಾಯಿ ಮುಚ್ಚಿಸಬೇಕೆಂದು ನಾನೇ ಒಂದು ಉಪಾಯ ಹೇಳಿದೆ. ಪ್ರತಿ ಮರದ ಬುಡದಿಂದ ಒಂದು ಬಿಲ್ಲೆ ಕೊಯ್ದು, ನಯಮಾಡಿ, ಚೆಂಡು ಕುಳಿಗೆ ಬಿದ್ದ ವರ್ಷದ ಉಂಗುರದ ಮೇಲೆ ಒಂದು ಹಿತ್ತಾಳೆ ಮೊಳೆ ಹೊಡೆದು, ಮೈದಾನದ ತೊಂಬತ್ತನೇ ವರ್ಷದ ಸಮಾರಂಭದಲ್ಲಿ ಮನೆಯವರಿಗೆ ಕೊಡೋಣ ಅಂದೆ.

ಇಡೀ ಸಭೆ ಚಪ್ಪಾಳೆ ತಟ್ಟಿತು. ತೊಕುನಾಗ ಎದ್ದು ಬಂದು ನನ್ನ ಭುಜ ಹಿಡಿದ. “ಉಂಗುರ ನಾನೇ ಕೂತು ಎಣಿಸ್ತೀನಿ. ಇಂಥ ಸೂಕ್ಷ್ಮ ಕೆಲಸ ನಂಗೆ ರೂಢಿ.”

ಅವನ ಕೈಯಲ್ಲಿ ಲವಂಗದ ಎಣ್ಣೆಯ ವಾಸನೆ. ಆದರೂ ಗೆದ್ದೆ.

ಡಿಸೆಂಬರ್ 19

ನನ್ನಂಥ ಮೂರ್ಖ ಈ ಪ್ರಾಂತದಲ್ಲಿ ಇನ್ನೊಬ್ಬನಿಲ್ಲ. ಹಲ್ಲುಜ್ಜುವಾಗ ಹೊಳೆಯಿತು. ಮರದ ಉಂಗುರ ಸುಳ್ಳು ಹೇಳುವುದಿಲ್ಲ.

ಡಿಸೆಂಬರ್ 20

ಒಕಿತ್ಸು ಮೇಸ್ತ್ರಿಯ ಹಳೇ ಪುಸ್ತಕವನ್ನು ಬೀರುವಿನ ತಳದಿಂದ ತೆಗೆದೆ. ನನಗೆ ಕೆಲಸ ಕಲಿಸಿದ ಮನುಷ್ಯ. ಸಾಯುವ ವರ್ಷ ಈ ಪುಸ್ತಕವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ. ಇದರಲ್ಲಿರುವುದು ಸತ್ತ ಮರಗಳ ಪಟ್ಟಿ.

ನೆಟ್ಟ ಸಸಿಗಳೆಲ್ಲ ಎಲ್ಲಿ ಬದುಕುತ್ತವೆ? ಹುಳ ತಿನ್ನುತ್ತದೆ, ಚಂಡಮಾರುತ ಮುರಿಯುತ್ತದೆ. ಆದರೆ ನಿಮ್ಮ ಮರ ಸತ್ತಿತು ಎಂದು ಸದಸ್ಯರಿಗೆ ಹೇಳುವ ಹಾಗಿಲ್ಲ. ಅಪಶಕುನ. ಬಹಳ ಹಿಂದೆ ಒಬ್ಬರಿಗೆ ಹೇಳಿದರಂತೆ, ಅವರು ಅದೇ ತಿಂಗಳು ಹಾಸಿಗೆ ಹಿಡಿದರಂತೆ. ಅಂದಿನಿಂದ ಒಂದು ಪದ್ಧತಿ: ಮರ ಸತ್ತರೆ, ಕ್ಲಬ್ಬಿಗೆ ರಜೆಯಿರುವ ಸೋಮವಾರ, ಹಿಂದಿನ ಗುಡ್ಡದಿಂದ ಅದೇ ಎತ್ತರದ ಇನ್ನೊಂದನ್ನು ಕಿತ್ತು ತಂದು ಅದೇ ಗುಂಡಿಯಲ್ಲಿ ನೆಡುವುದು. ಫಲಕವನ್ನು ಮತ್ತೆ ತಗುಲಿಸಿ ತೆಪ್ಪಗಿರುವುದು. ಮೇಸ್ತ್ರಿಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು. ಗಾಲ್ಫ್ ಆಡುವವರು ಚೆಂಡನ್ನು ನೋಡುತ್ತಾರೆಯೇ ಹೊರತು ಮರವನ್ನು ನೋಡುವುದಿಲ್ಲ, ಯಾರೂ ಗಮನಿಸಲಿಲ್ಲ.

ಒಂಬತ್ತರಲ್ಲಿ ನಾಲ್ಕು ಬದಲಿ ಮರಗಳು. ತೊಕುನಾಗನ ಅಪ್ಪನದು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ನೆರಳು ಹಾಕುವ ಅಸಾಬುಕಿಯವರ ಸುಗಿ, ದೇವದಾರು ಜಾತಿಯ ಮರ. ಇನ್ನೆರಡು. ಅಸಾಬುಕಿಯವರದನ್ನು ಬದಲಿಸಿದವನು ನಾನೇ, 1982ರ ಜೂನ್‌ನಲ್ಲಿ. ಆಗ ಇಪ್ಪತ್ತೆರಡು ವರ್ಷ. ಒಕಿತ್ಸು ಮೇಸ್ತ್ರಿ ಕಳಿಸಿದ, ಮೊದಲ ಸಲ ಒಬ್ಬನೇ ಮಾಡಿದ್ದು.

ಬಿಲ್ಲೆಯ ಮಾತು ವಾಪಸು ತೆಗೆದುಕೊಂಡರೆ ಒಬ್ಬನೂ ಮುದ್ರೆ ಒತ್ತುವುದಿಲ್ಲ. ಗ್ರೀನ್ ಸಾಯುತ್ತದೆ.

ಜನವರಿ 11, ಗುರುವಾರ

ಮುದ್ರೆ ಭಿಕ್ಷೆ. ಇಲ್ಲಿಯ ತನಕ ಆರು ಬಿದ್ದಿವೆ. ಮನುಷ್ಯರ ಬಗ್ಗೆ ಉಳಿದಿದ್ದ ಅಷ್ಟಿಷ್ಟು ಗೌರವವೂ ಹೋಯಿತು.

ಸೋಯಾ ಸಾಸ್ ಕಾರ್ಖಾನೆಯವನು ಬಾಗಿಲಲ್ಲೇ ನಲವತ್ತು ನಿಮಿಷ ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ಮೈದಾನದ ಕಡೆ ತಲೆ ಹಾಕಿಲ್ಲ, ಆದರೂ ‘ನನ್ನ ಮರ, ನನ್ನ ಉಸಿರು’ ಅಂತಾನೆ. ಉಸಿರಿನ ಜಾತಿ ಯಾವುದು ಎಂದು ಕೇಳಿದೆ. ಪೈನ್ ಇರಬೇಕು ಅಂದ. ಅದು ಕರ್ಪೂರದ ಮರ. ಇನ್ನೊಂದು ಮನೆಯಲ್ಲಿ ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ, ಅಪ್ಪನ ಮರ ಯಾರದೆಂದು ನನ್ನೆದುರೇ ಕಿತ್ತಾಡಿದರು. ಬದುಕಿದ್ದಾಗ ಆ ಅಪ್ಪನಿಗೆ ಇಬ್ಬರೂ ಒಂದು ಲೋಟ ನೀರು ಕೊಟ್ಟಿದ್ದರೋ ಇಲ್ಲವೋ. ಇಂದು ಬೆಳಿಗ್ಗೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ತಾನೇ ಬಂದು ತನ್ನ ಮರ ತಬ್ಬಿಕೊಂಡು ಕೆನ್ನೆ ಒತ್ತಿ ಅತ್ತ. ಮೂಗಿನ ಸಿಂಬಳ ತೊಗಟೆಗೆ ಅಂಟಿತು. ಅವನು ತಬ್ಬಿಕೊಂಡದ್ದು ನಾನು 2004ರ ಚಂಡಮಾರುತದ ನಂತರ ಗುಡ್ಡದಿಂದ ಎಳೆದು ತಂದ ಮರವನ್ನು.

ನಗು ಬರಬೇಕಿತ್ತು, ಬರಲಿಲ್ಲ. ಅವನು ಹೋದ ಮೇಲೆ ತೊಗಟೆ ಒರೆಸಿದೆ. ಯಾಕೆ ಒರೆಸಿದೆನೋ.

ಜನವರಿ 23, ಮಂಗಳವಾರ

ಅಸಾಬುಕಿ ತೊಶಿ. ಎಂಬತ್ತಾರು ವರ್ಷ. ಈ ಮುದುಕಿಯೇ ಎಲ್ಲಕ್ಕಿಂತ ಹೆಚ್ಚು ಕಾಡಿಸುತ್ತಾಳೆ ಎಂದುಕೊಂಡು ಕೊನೆಗೆ ಇಟ್ಟುಕೊಂಡಿದ್ದೆ. ಪ್ರತಿ ಅಕ್ಟೋಬರ್ ಬಕೆಟ್ಟು ನೀರು ತಂದು ಸಮಾಧಿ ತೊಳೆದ ಹಾಗೆ ಫಲಕ ತೊಳೆಯುವವಳು ಅವಳೊಬ್ಬಳೇ.

ಅವಳ ಕೋಣೆಯ ತುಂಬ ಹೊಲಿಗೆ ಬಟ್ಟೆ. ನಾನು ನಕ್ಷೆ ಬಿಡಿಸುವ ಮೊದಲೇ ಕೇಳಿದಳು, “ನಿಮಗೆ ಕಡಿಯೋಕೆ ಮನಸ್ಸಿದೆಯಾ?”

ಒಬ್ಬರೂ ಕೇಳದ ಪ್ರಶ್ನೆ. ನನ್ನ ಮನಸ್ಸು ಕಟ್ಟಿಕೊಂಡು ಇವಳಿಗೇನು?

“ಹುಲ್ಲಿಗೆ ಬಿಸಿಲು ಬೇಕಮ್ಮಾ” ಅಂದೆ.

“ಸರಿ ಹಾಗಾದ್ರೆ” ಎಂದು ಮುದ್ರೆ ತೆಗೆದು ಉಸಿರು ಊದಿ ಒತ್ತಿಬಿಟ್ಟಳು. ಎರಡು ನಿಮಿಷದ ಕೆಲಸ. “ಆ ಬಿಲ್ಲೆ ಕೊಡ್ತೀರಂತಲ್ಲ, ಅದೊಂದು ಮರೀಬೇಡಿ. ಬೇರೇನೂ ಬೇಡ.”

ನಲವತ್ತು ವರ್ಷದ ಭಕ್ತಿ ಎರಡು ನಿಮಿಷಕ್ಕೆ ಮುಗಿಯಿತು. ಇವರೆಲ್ಲ ಹೀಗೇ. ಹೊರಡುವಾಗ ಅವಳು ಬಾಗಿ ನಮಸ್ಕರಿಸಿದ್ದು ಬೀದಿಯ ತಿರುವು ದಾಟುವ ತನಕ ಹಾಗೇ ಇತ್ತು. ನೋಡಲಾರದೆ ಬೇಗ ಬೇಗ ನಡೆದೆ.

ತೊಕುನಾಗ ಸಂಜೆ ಒಂಬತ್ತನೇ ಮುದ್ರೆ ಒತ್ತಿದ.

ಫೆಬ್ರವರಿ 5, ಸೋಮವಾರ

ಕಡಿದೆವು.

ಮೊದಲು ಪೂಜಾರಿ ಬಂದು ಒಂಬತ್ತು ಬುಡಕ್ಕೂ ಉಪ್ಪು, ಸಾಕೆ ಎಂಬ ಅಕ್ಕಿಯ ಮದ್ಯ ಹಾಕಿ, ಕಾಗದದ ಚವರಿ ಬೀಸಿ ಮಂತ್ರ ಹೇಳಿದ. ಅಸಲಿಗೂ ಬದಲಿಗೂ ಒಂದೇ ಅಳತೆಯ ಉಪ್ಪು. ತೊಕುನಾಗ ಕರೀ ಕೋಟು ಹಾಕಿಕೊಂಡು ಬಂದು ಅಪ್ಪನ ಮರದ ಮುಂದೆ ಫೋಟೋ ತೆಗೆಸಿಕೊಂಡು ಹೋದ. ಆಮೇಲೆ ನಾನು, ಇಶಿಗುರೊ, ಅರಣ್ಯ ಸಂಘದ ನಾಲ್ಕು ಜನ.

ಅಸಾಬುಕಿಯವರ ಸುಗಿಯನ್ನು ನಾನೇ ಕೊಯ್ದೆ. ಬೇರೆಯವರಿಗೆ ಕೊಟ್ಟರೆ ಗ್ರೀನಿನ ಮೇಲೆ ಬೀಳಿಸುತ್ತಾರೆ ಎಂಬ ಭಯ, ಅಷ್ಟೇ. ನೇರವಾಗಿ ಬಿತ್ತು. ಸುಗಿ ಬೀಳುವಾಗ ಬರುವ ಆ ಸಿಹಿ ವಾಸನೆ ನನಗೆ ಎಂದೂ ಹಿಡಿಸಿಲ್ಲ. ಎಲ್ಲರೂ ಚಹಾ ಕುಡಿಯಲು ಹೋದಾಗ ಬುಡದ ಮುಂದೆ ಕೂತು ಎಣಿಸಿದೆ. 1977ರ ಅಕ್ಟೋಬರ್‌ನಲ್ಲಿ ಅಸಾಬುಕಿಯ ಚೆಂಡು ಕುಳಿಗೆ ಬಿದ್ದದ್ದು. ತೊಗಟೆಯಿಂದ ಒಳಗೆ ನಲವತ್ತಾರು ಉಂಗುರ ಹೋಗಿ ಮೊಳೆ ಹೊಡೆಯಬೇಕು. ಈ ಮರಕ್ಕೆ ಒಟ್ಟು ಇರುವುದೇ ನಲವತ್ತನಾಲ್ಕು.

ಫೆಬ್ರವರಿ 6

ಇಶಿಗುರೊ ಕೈಗೆ ಸಿಕ್ಕಿಬಿದ್ದೆ.

“ಮೇಸ್ತ್ರೀ, ಸ್ವಲ್ಪ ಬನ್ನಿ ಇಲ್ಲಿ. ಅಸಾಬುಕಿಯೋರು ಈ ಮರಾನ ಅದು ಹುಟ್ಟೋಕೆ ಮುಂಚೇನೇ ನೆಟ್ಟಿದ್ದಾರೆ.”

ಹೇಳಿದೆ. ಪುಸ್ತಕವನ್ನೂ ತೋರಿಸಿದೆ. ಅವಳು ಹಾಳೆ ತಿರುವುತ್ತ ಹೋದಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ.

“ಇಡೀ ಮೈದಾನದಲ್ಲಿ ಇಂಥವು ಎಷ್ಟು?”

“ಅರವತ್ತರ ಹತ್ತಿರ.”

“ನಾನು ಮೇಸ್ತ್ರಿ ಆದಾಗ ಈ ಪುಸ್ತಕ ನಂಗೆ ಬರತ್ತಾ?”

“ಬರಬೇಕು.”

“ನಂಗ್ಬೇಡ” ಅಂದಳು. ಕೈಗವಸು ಹಾಕಿಕೊಂಡು ಕೊಂಬೆ ಎಳೆಯಲು ಹೋದಳು. ಅವಳ ಬೆನ್ನು ನೋಡಿದರೆ ಸಿಟ್ಟು ಬಂತು. ಇಪ್ಪತ್ತೆರಡರಲ್ಲಿ ನನಗೂ ‘ನಂಗ್ಬೇಡ’ ಅನ್ನುವ ಸೌಕರ್ಯ ಇದ್ದಿದ್ದರೆ!

ಮಧ್ಯಾಹ್ನವೇ ಆ ನಾಲ್ಕು ಮರದ ಕಾಂಡಗಳನ್ನು ಚೂರು ಮಾಡುವ ಯಂತ್ರಕ್ಕೆ ಕೊಟ್ಟೆ. ಒಂದು ತುಂಡೂ ಉಳಿಸಲಿಲ್ಲ. ಚೂರನ್ನೆಲ್ಲ ಹನ್ನೆರಡನೇ ಕುಳಿಯ ಕಾಲುದಾರಿಗೆ ಹಾಸಿದೆವು. ಯಾರಾದರೂ ಎಣಿಸುವುದಿದ್ದರೆ ಅಲ್ಲಿ ಹೋಗಿ ಎಣಿಸಲಿ.

ಫೆಬ್ರವರಿ 14

ಅರಣ್ಯ ಸಂಘದವರು ಪಕ್ಕದ ಕಣಿವೆಯಲ್ಲಿ ಹಳೇ ಸುಗಿಗಳನ್ನು ಕಡಿಯುತ್ತಿದ್ದಾರೆ. ಅವರಿಂದ ನಾಲ್ಕು ಬಿಲ್ಲೆ ತಂದೆ. ಎಲ್ಲವೂ ಅರವತ್ತರಿಂದ ಎಪ್ಪತ್ತು ವರ್ಷದವು. ಬದಲಿ ಮರಕ್ಕೆ ಬದಲಿ ಬಿಲ್ಲೆ. ಉಜ್ಜುಕಾಗದ ಹಿಡಿದು ನಯಮಾಡುತ್ತ ಕೂತಿದ್ದೆ. ಇಶಿಗುರೊ ಬಾಗಿಲಲ್ಲಿ ನಿಂತು ನೋಡಿದಳು.

“ಇನ್ನೊಂದು ನಾಟಕಾನಾ?”

“ಗ್ರೀನ್ ಬೇಕಾ ಬೇಡ್ವಾ ನಿಂಗೆ?”

“ಗ್ರೀನ್ ಬೇಕು. ಆ ತೊಶಿ ಅಜ್ಜಿ ಬಕೆಟ್ ಹಿಡ್ಕೊಂಡು ಬರೋದನ್ನ ನಾನೂ ಹದಿನಾರು ವರ್ಷದಿಂದ ನೋಡ್ತಿದ್ದೀನಿ, ಅಷ್ಟೇ.”

ಮಾರ್ಚ್ 3, ಭಾನುವಾರ

ತೊಕುನಾಗ ಶೆಡ್ಡಿಗೆ ಬಂದು ಮೂರು ಗಂಟೆ ಕೂತ. ಹಣೆಗೆ ದೀಪ ಕಟ್ಟಿಕೊಂಡು, ಹಲ್ಲು ಕೆರೆಯುವ ಕೊಕ್ಕೆಯಿಂದ ಒಂದೊಂದೇ ಉಂಗುರ ಮುಟ್ಟಿ ಎಣಿಸಿದ. ನಾನು ಮೊಳೆ ಹೊಡೆದೆ. ಎಲ್ಲ ಲೆಕ್ಕವೂ ಸರಿಬಂತು. ಬರದೆ ಏನು? ಕೊನೆಗೆ ಅಪ್ಪನದೆಂದುಕೊಂಡ ಬಿಲ್ಲೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

“ನೋಡಿ ಮುರೊಗಾ ಅವರೇ, ಅಪ್ಪನ ಕೋಟು ಹೀಗೇ ವಾಸನೆ ಬರ್ತಿತ್ತು.”

ಅದು ಯಾವುದೋ ಕಣಿವೆಯ ಯಾರೂ ನೆಡದ ಮರ. ಹೌದಾ ಡಾಕ್ಟ್ರೇ, ಅಂದೆ. ಅವನ ಕತ್ತಿನ ಹಿಂದಿನ ಸುಕ್ಕುಗಳು ಕಣ್ಣಿಗೆ ಬಿದ್ದವು. ಅಪ್ಪನ ಚೆಂಡು ಕುಳಿಗೆ ಬಿದ್ದಾಗ ಇವನಿಗೆ ಹನ್ನೊಂದು ವರ್ಷವಂತೆ, ಅಪ್ಪನ ಚೀಲ ಹೊತ್ತಿದ್ದು ಇವನೇ ಅಂತೆ. ಇಂಥದ್ದನ್ನೆಲ್ಲ ನನಗೆ ಯಾಕೆ ಹೇಳುತ್ತಾರೋ.

ಗ್ರೀನಿನ ಪೂರ್ವದ ಅಂಚಿನಲ್ಲಿ ಹೆಬ್ಬೆರಳಗಲದ ಹೊಸ ಹಸಿರು.

ಮಾರ್ಚ್ 20, ಬುಧವಾರ

ಸಮಾರಂಭ. ಭಾಷಣ, ಹಬ್ಬದ ಕೆಂಪು ಅನ್ನ, ಮತ್ತೆ ಭಾಷಣ. ಬಿಲ್ಲೆ ಪಡೆದವರಲ್ಲಿ ಮೂವರು ಅತ್ತರು. ಬ್ಯಾಂಕ್ ಮ್ಯಾನೇಜರಿನ ಮೂಗು ಇಂದೂ ಸುರಿಯುತ್ತಿತ್ತು. ಬಿಲ್ಲೆಯನ್ನು ಎದೆಗೆ ಅವಚಿಕೊಂಡು ನನಗೆ ತೊಂಬತ್ತು ಡಿಗ್ರಿ ಬಾಗಿದ. ಸಾಲದ್ದಕ್ಕೆ ನನ್ನನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಜನ ಚಪ್ಪಾಳೆ ತಟ್ಟುವಾಗ ಇಶಿಗುರೊ ನೆಲ ನೋಡುತ್ತಿದ್ದಳು. ಹೂವನ್ನು ಶೆಡ್ಡಿನ ಬಕೆಟ್ಟಿನಲ್ಲಿ ಹಾಕಿದ್ದೇನೆ, ವಾಸನೆ ತಡೆಯಲಾಗುತ್ತಿಲ್ಲ.

ಅಸಾಬುಕಿ ತೊಶಿ ಬರಲಿಲ್ಲ. ಮಂಡಿನೋವಂತೆ. ಅವರ ಬಿಲ್ಲೆ ಮೇಜಿನ ಮೇಲೇ ಉಳಿಯಿತು. ನಾನೇ ಕೊಟ್ಟುಬರಬೇಕು.

ಮಾರ್ಚ್ 26, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ತೊಶಿಯವರು ಬಿಲ್ಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಯ ಮಟ್ಟಕ್ಕೆ ಎತ್ತಿ ಇಳಿಸಿದರು. ಆಮೇಲೆ ಹೊಲಿಗೆ ಪೆಟ್ಟಿಗೆಯಿಂದ ಸೂಜಿ ತೆಗೆದು, ಕನ್ನಡಕ ಬದಲಿಸಿ, ಎಣಿಸತೊಡಗಿದರು. ಹೊರಗಿನಿಂದ ಮೊಳೆಯ ತನಕ, ಮೊಳೆಯಿಂದ ನಡುವಿನ ತನಕ. ನನ್ನ ಚಹಾ ಆರಿ ತಣ್ಣಗಾಯಿತು.

“ಅರವತ್ತೊಂದು” ಅಂದರು. “ಮುರೊಗಾ ಅವರೇ, ಇದು ನಮ್ಮನೆ ಮರ ಅಲ್ಲ.”

“ನೆಡುವಾಗ್ಲೇ ಅದು ಸ್ವಲ್ಪ ದೊಡ್ಡದಿತ್ತಮ್ಮಾ, ಅದಕ್ಕೇ ಒಂದಿಷ್ಟು…”

“ನೀವು ನೆಟ್ಟಾಗ ನಿಮ್ಮೆದೆ ಮಟ್ಟ ಇತ್ತಂತಲ್ಲ. ಉಂಗುರ ನಲವತ್ತೈದರ ಮೇಲೆ ಹೇಗಿರತ್ತೆ?”

ಅವರು ಸೂಜಿಯನ್ನು ಮತ್ತೆ ಪುಟ್ಟ ಸೂಜಿದಿಂಬಿಗೆ ಚುಚ್ಚಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ಅದನ್ನ ನೆಟ್ಟ ಸೋಮವಾರ ನಮ್ಮನೆಯವ್ರು ಕ್ಲಬ್ಬಲ್ಲಿ ಮರೆತು ಬಂದಿದ್ದ ಕನ್ನಡಕ ತರೋಕೆ ಹೋಗಿದ್ರು. ಹೋದೋರೇ ಕ್ಲಬ್ಬೊಳಗೆ ಹೋಗ್ಲಿಲ್ಲ, ಮಳೇಲಿ ಹಾಗೇ ಎಂಟನೇ ಕುಳಿ ಕಡೆ ನಡೆದ್ರಂತೆ, ತಮ್ಮ ಮರ ಒಂದ್ಸಲ ನೋಡೋಣ ಅಂತ. ನೋಡಿದ್ರೆ ಯಾರೋ ಒಬ್ಬ ಹುಡುಗ, ಮಂಡಿಯೂರಿ ಕೂತು, ಬರಿಗೈಯಲ್ಲಿ ಮಣ್ಣು ಒತ್ತುತ್ತಿದ್ದಾನೆ. ಪಕ್ಕದಲ್ಲಿ ಒಣಗಿದ ಗಿಡ ಬಿದ್ದಿದೆ. ಎಲ್ಲಾ ಮುಗಿಸಿ ಆ ಹುಡುಗ ಆ ಸತ್ತ ಗಿಡಕ್ಕೆ ಕೈಮುಗಿದನಂತೆ. ಇವ್ರು ಇನ್ನೊಂದು ಮರದ ಹಿಂದೆ ನಿಂತು ನೋಡಿ, ಕನ್ನಡಕಾನೂ ತರದೆ ವಾಪಸ್ ಬಂದ್ರು.”

ಕೈಮುಗಿದದ್ದು ನನಗೆ ನೆನಪಿಲ್ಲ. ಮುಗಿದಿರಲಾರೆ.

“ಯಾಕೆ ಹೇಳ್ಲಿಲ್ಲ ಅವ್ರು?” ಕೇಳಿದೆ.

“ಹೇಳಿದ್ರೆ ಆ ಹುಡುಗ ತಲೆ ಎತ್ತಿ ಓಡಾಡೋಕಾಗಲ್ಲ ಅಂದ್ರು. ಆಮೇಲೆ ನಗ್ತಿದ್ರು. ನಾನು ನೆಟ್ಟಿದ್ದು ಐದು ವರ್ಷ ಬಾಳ್ಲಿಲ್ಲ, ಅವನು ನೆಟ್ಟಿದ್ದು ನನ್ನ ಸಾಗ್ಹಾಕಿ ಆಮೇಲೂ ಇರತ್ತೆ ನೋಡು ಅಂತ. ಆ ಡಿಸೆಂಬರಿಂದ ಕಿತ್ತಳೆ ಕಳಿಸೋಕೆ ಶುರು ಮಾಡಿದ್ರು. ಹೆಸರು ಬರೆದ್ರೆ ನಿಮಗೆ ಗೊತ್ತಾಗಿಬಿಡತ್ತೆ, ಹುಲ್ಲು ನೋಡ್ಕೊಳ್ಳೋರಿಗೆ ಅಂತ ಬರಿ ಅಂದ್ರು. ಅವ್ರು ಹೋದ್ಮೇಲೂ ನಾನು ಹಾಗೇ ಬರೀತೀನಿ.”

ನಲವತ್ತೆರಡು ಡಬ್ಬ. ನಾನು ಪ್ರತಿ ವರ್ಷ ಅದರಲ್ಲಿ ಕೊಳೆತದ್ದನ್ನೇ ಹುಡುಕಿದ್ದೆ.

ಹಣೆ ಚಾಪೆಗೆ ತಾಗುವ ಹಾಗೆ ಬಾಗಿದೆ. ಕ್ಷಮಿಸಿ ಅಂದೆನೋ ಇಲ್ಲವೋ ಗೊತ್ತಿಲ್ಲ. ಅವರು ಏಳಿ ಏಳಿ ಅಂದರು. “ಈ ಬಿಲ್ಲೆ ಯಾರ್ದೋ, ಅವರಿಗೇ ಕೊಡಿ. ನಂಗೆ ನೀವು ನೆಟ್ಟ ಮರದ್ದೇ ಬೇಕು. ಅವ್ರು ಮೂವತ್ತು ವರ್ಷ ನೋಡಿ ಖುಷಿಪಟ್ಟಿದ್ದು ಅದನ್ನೇ ಅಲ್ವಾ? ಮೊಳೆ ಹೊಡೆಯೋದಾದ್ರೆ ನೀವು ನೆಟ್ಟ ವರ್ಷಕ್ಕೆ ಹೊಡೀರಿ.”

ಆಗ ಹೇಳಬೇಕಾಯಿತು. ಕಾಂಡ ಇಲ್ಲ, ಎಲ್ಲ ಚೂರಾಯಿತು, ದಾರಿಗೆ ಹಾಸಿದೆ ಎಂದು.

“ಪೂರ್ತಿನಾ?” ಅಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮುಖ ಕಂದಿತು. ಆಮೇಲೆ ಬೇಗ ಸುಧಾರಿಸಿಕೊಂಡು, “ಇರ್ಲಿ ಬಿಡಿ, ನಡೆಯೋರ ಕಾಲಿಗೆ ಮೆತ್ತಗಿರತ್ತೆ” ಎಂದು ನನಗೇ ಸಮಾಧಾನ ಹೇಳಿದರು.

ಮಾರ್ಚ್ 27

ಕಿತ್ತಳೆಗೆ ಕೃತಜ್ಞತೆಯ ಪತ್ರ ಬರೆಯಲು ಕೂತೆ. ಯಾರೇ ಏನೇ ಕಳಿಸಿದರೂ ಮೂರು ದಿನದಲ್ಲಿ ಉತ್ತರ ಬರೆಯಬೇಕೆಂದು ಅಮ್ಮ ಕಲಿಸಿದ್ದಳು. ನಾಲ್ಕು ಹಾಳೆ ಹರಿದೆ.

ಸಂಜೆ ಇಶಿಗುರೊ ಹಾಗೇ ಸುಮ್ಮನೆ ಹೇಳಿದಳು, “ಬುಡ ಅರೆಯೋ ಯಂತ್ರ ಶುಕ್ರವಾರ ಬರತ್ತಂತೆ.” ಬುಡ! ಕಾಂಡ ಹೋದರೂ ಆ ಸುಗಿಯ ಬುಡ ಇನ್ನೂ ನೆಲದಲ್ಲೇ ಇದೆ. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಎಲ್ಲ ಹೇಳಿದೆ.

“ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಮೇಸ್ತ್ರೀ?” ಅಂದಳು.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಆರಕ್ಕೇ ಹೋದೆವು. ನೆಲಮಟ್ಟದಲ್ಲಿ ಕೊಯ್ಯುವುದೆಂದರೆ ಅಸಹ್ಯದ ಕೆಲಸ. ತೊಗಟೆಯೊಳಗೆ ಮಣ್ಣು, ಕಲ್ಲು, ಗೆದ್ದಲು. ಗರಗಸದ ಸರಪಳಿ ಎರಡು ಸಲ ಮೊಂಡಾಯಿತು. ಮೊಣಕಾಲು ಕೆಸರಿನಲ್ಲಿ, ಬಾಯಿ ತುಂಬ ಹೊಟ್ಟು. ಇಶಿಗುರೊ ಬೆಣೆ ಹೊಡೆಯುತ್ತ ಮೆಲ್ಲಗೆ, ಮೆಲ್ಲಗೆ ಅನ್ನುತ್ತಿದ್ದಳು. ಕೊನೆಗೆ ಬಂದದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚಿನಲ್ಲಿ ಕೊಳೆತದ್ದು. ನಲವತ್ತೈದು ವರ್ಷದಲ್ಲಿ ಇಷ್ಟು ಸೊಟ್ಟ ಕೊಯ್ದಿಲ್ಲ.

ಕೊಯ್ದು ಮುಗಿಸುವಷ್ಟರಲ್ಲಿ ಏಳಾಗಿತ್ತು. ಬಿಸಿಲು ಕುಳಿಯ ಕಂಬವನ್ನು ದಾಟಿ ಗ್ರೀನಿನ ಆ ಅಂಚಿನ ತನಕ ಬಿದ್ದಿತ್ತು. ಹುಲ್ಲಿನಿಂದ ಹಬೆ ಏಳುತ್ತಿತ್ತು.

ಅಲ್ಲೇ ಕೂತು ತೊಳೆದು ಎಣಿಸಿದೆ. ನಡುವಿನಿಂದ ಮೊದಲನೆಯದು 1980. ಎರಡನೆಯದು, ಮೂರನೆಯದು. ಮೂರನೆಯದು ಕೂದಲಿನಷ್ಟು ತೆಳ್ಳಗಿದೆ. ಬೇರು ಕಿತ್ತು ತಂದ ವರ್ಷ ಮರ ಬೆಳೆಯುವುದಿಲ್ಲ, ಸುಮ್ಮನೆ ಬದುಕಿಕೊಳ್ಳುತ್ತದೆ. ಅಂಥ ಸಣ್ಣ ಗೆರೆಯ ಮೇಲೆ ಮೊಳೆ ಕೂರಿಸುವುದು ಕಷ್ಟ. ಮೂರು ಸಲ ಜಾರಿತು. ಇಶಿಗುರೊ ಹಿಡಿದುಕೊಂಡಳು, ನಾನು ಹೊಡೆದೆ.

“ಆ ಪುಸ್ತಕ ಎಲ್ಲಿಟ್ಟಿದ್ದೀರಿ?” ವಾಪಸು ಬರುವಾಗ ಕೇಳಿದಳು.

“ಯಾಕೆ? ನಿಂಗೆ ಬೇಡ ಅಲ್ವಾ?”

“ಬೇಡ. ಆದ್ರೂ ಅಸಾಬುಕಿಯೋರ ಹೆಸರಿನ ಮುಂದೆ ಒಂದು ಸಾಲು ಬರೀಬೇಕಲ್ಲ.”

ಬರೆದೆ. ಒಕಿತ್ಸು ಮೇಸ್ತ್ರಿಯ ಅಕ್ಷರದ ಪಕ್ಕ, ನನ್ನ ಸೊಟ್ಟ ಅಕ್ಷರದಲ್ಲಿ: ಅವರಿಗೆ ಗೊತ್ತಿತ್ತು. ಈಗ ಮಂಡಿ ನೋಯುತ್ತಿದೆ, ಹಲ್ಲಿನ ಸಂದಿಯಲ್ಲಿ ಇನ್ನೂ ಹೊಟ್ಟಿದೆ, ಬಟ್ಟೆಯಿಂದ ಆ ಸಿಹಿ ವಾಸನೆ ಹೋಗುತ್ತಿಲ್ಲ. ಒಗೆಯಲು ಹಾಕಬೇಕು. ನಾಳೆ ಹಾಕುತ್ತೇನೆ.